ಸುಣ್ಣದ ಗುರುತು

ನಾನು ಕೋಪಿಷ್ಠ ಎಂದು ಹೇಳುವವರು ಕಡೂರಿನಲ್ಲಿ ಇದ್ದಾರೆ. ಹಾಗೆ ಹೇಳುವವರ ಗಾಡಿಗಳನ್ನೆಲ್ಲ ನಾನು ಬಿಚ್ಚಿ ನೋಡಿದ್ದೇನೆ. ವರ್ಷಗಟ್ಟಲೆ ಆಯಿಲ್ ಮುಟ್ಟದೆ, ರೇಡಿಯೇಟರಿಗೆ ಕೆರೆಯ ನೀರು ಸುರಿದು, ಇಂಜಿನ್ ನಿಂತ ಮೇಲೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದು, ‘ಏನಿಲ್ಲ ಷಡಕ್ಷರಿ, ಸ್ವಲ್ಪ ಸೌಂಡು’ ಎನ್ನುತ್ತಾರೆ. ಅಂಥವರ ಎದುರು ಕೋಪ ಬರದವನು ಮೆಕ್ಯಾನಿಕ್ ಅಲ್ಲ, ಸನ್ಯಾಸಿ. ಆದರೆ ಈಗ ಹೇಳುತ್ತಿರುವ ಕೋಪ ಗಿರಾಕಿಯ ಮೇಲೆ ಬಂದದ್ದಲ್ಲ. ನನ್ನ ಹೆಂಡತಿಯ ಮೇಲೆ ಬಂದದ್ದು. ಅದರಿಂದ ಅವಳು ತವರಿಗೆ ಹೋಗಿ ಕೂತಳು, ತಿರುಗಿ ಬರುತ್ತಾಳೋ ಇಲ್ಲವೋ ಎಂದು ನಾನು ಒಂಬತ್ತು ದಿನ ಸರಿಯಾಗಿ ಊಟ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎಂಬತ್ತಮೂರನೇ ಇಸವಿ. ನವರಾತ್ರಿ ಶುರುವಾಗುವ ಹೊತ್ತಿಗೆ ಸಿಂಗಟಗೆರೆಯ ಜಯದೇವಪ್ಪನವರ ಡೀಸೆಲ್ ಅಂಬಾಸಿಡರ್ ನನ್ನ ಶೆಡ್ಡಿಗೆ ಬಂತು. ಜಯದೇವಪ್ಪನವರದು ಕೊಬ್ಬರಿ ವ್ಯಾಪಾರ. ಒಳ್ಳೆಯ ಮನುಷ್ಯ, ಆದರೆ ಇಂಜಿನ್ ಆಯಿಲ್ ವಿಷಯದಲ್ಲಿ ಅವರದೇ ಒಂದು ಸಿದ್ಧಾಂತವಿತ್ತು.

“ಎಣ್ಣೆ ಕೆಡೋ ಪದಾರ್ಥ ಅಲ್ಲ ಕಣಪ್ಪ. ಗಾಣದ ಎಣ್ಣೆ ವರ್ಷ ಇಟ್ರೂ ಹಂಗೇ ಇರುತ್ತೆ. ಕಮ್ಮಿ ಆದ್ರೆ ಹಾಕಿದ್ರಾಯ್ತು, ಇರೋದನ್ನ ಯಾಕೆ ಚೆಲ್ಲಬೇಕು?” ಎಂದರು.

ಸಿದ್ಧಾಂತದ ಫಲ ಒಳಗಿತ್ತು. ಕ್ಯಾಮ್ ಶಾಫ್ಟ್ ಎಂದರೆ ಅಲ್ಲಲ್ಲಿ ಉಬ್ಬುಗಳಿರುವ ಒಂದು ಉಕ್ಕಿನ ದಂಡ. ಅದು ತಿರುಗುತ್ತ, ಇಂಜಿನ್ ಯಾವಾಗ ಗಾಳಿ ಎಳೆದುಕೊಳ್ಳಬೇಕು, ಯಾವಾಗ ಹೊಗೆ ಬಿಡಬೇಕು ಎಂದು ವಾಲ್ವುಗಳಿಗೆ ಹೇಳುತ್ತದೆ. ಆ ಇಂಜಿನ್ನಿನಲ್ಲಿ ಡೀಸೆಲ್ ಚಿಮ್ಮಿಸುವ ಪಂಪನ್ನು ತಿರುಗಿಸುವುದೂ ಅದೇ ದಂಡ. ಜಯದೇವಪ್ಪನವರ ದಂಡದಲ್ಲಿ ಉಬ್ಬುಗಳೇ ಇರಲಿಲ್ಲ, ಸವೆದು ಗೋಲಿಯಾಗಿದ್ದವು. ಅದನ್ನು ತಿರುಗಿಸುವ ಹಲ್ಲಿನ ಚಕ್ರವೂ ಕೊಕ್ಕೆ ಕೊಕ್ಕೆಯಾಗಿ ಸವೆದಿತ್ತು. ದಂಡ ಹೊಸದು ಸಿಕ್ಕಿತು. ಚಕ್ರ ಸಿಗಲಿಲ್ಲ. ಶಿವಮೊಗ್ಗದ ಗುಜರಿಯಲ್ಲಿ ಹುಡುಕಿ ಒಂದು ತಂದೆ. ಹಲ್ಲು ಚೆನ್ನಾಗಿದ್ದವು, ಆದರೆ ಯಾವನೋ ಪುಣ್ಯಾತ್ಮ ಅದನ್ನು ಲೇತಿಗೆ ಹಾಕಿ ಸವರಿದ್ದ. ಕಂಪನಿಯವರು ಹೊಡೆದಿದ್ದ ಗುರುತು ಹೋಗಿತ್ತು.

ಆ ಗುರುತಿಲ್ಲದೆ, ಈ ಚಕ್ರವನ್ನು ಇಂಜಿನ್ನಿನ ಕೆಳಗಿನ ಚಕ್ರಕ್ಕೆ ಜೋಡಿಸುವ ಚೈನು ಹಾಕಲಾಗದು. ಯಾವ ಹಲ್ಲು ಕೆಳಗಿನ ಚಕ್ರದ ಗುರುತಿಗೆ ಎದುರಾಗಿ ನಿಲ್ಲಬೇಕೋ ಅದೇ ನಿಲ್ಲಬೇಕು. ಒಂದು ಹಲ್ಲು ಆಚೀಚೆಯಾದರೆ ಇಂಜಿನ್ ಓಡುತ್ತದೆ, ಎಳೆಯುವುದಿಲ್ಲ. ನಾಲ್ಕೈದು ಹಲ್ಲಾದರೆ ವಾಲ್ವು ಹೋಗಿ ಪಿಸ್ಟನ್ನಿಗೆ ಗುದ್ದುತ್ತದೆ, ಆಮೇಲೆ ಗಾಡಿಯನ್ನು ತೂಕಕ್ಕೆ ಹಾಕಬಹುದು.

ಎರಡು ದಿನ ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ, ವಾಲ್ವು ಎಷ್ಟು ಏಳುತ್ತದೆ, ಎಲ್ಲಿ ಕೂರುತ್ತದೆ ಎಂದು ಅಳೆದು, ಆ ಹಲ್ಲನ್ನು ಕಂಡುಹಿಡಿದೆ. ಆಗ ಆಯುಧಪೂಜೆಯ ಹಿಂದಿನ ಸಂಜೆ. ಕಬ್ಬಿಣದ ಮೇಲೆ ಅಳಿಯದ ಗುರುತು ಬೇಕಾದರೆ ಪಂಚ್ ಇಟ್ಟು ಸುತ್ತಿಗೆಯಿಂದ ಒಂದು ಏಟು ಹೊಡೆಯಬೇಕು. ಪಂಚು, ಸುತ್ತಿಗೆ ಎಲ್ಲವನ್ನೂ ನನ್ನ ಹೆಂಡತಿ ಆಗಲೇ ತೊಳೆದು ಪೂಜೆಗೆಂದು ಮಣೆಯ ಮೇಲೆ ಜೋಡಿಸಿದ್ದಳು. ಜೋಡಿಸಿದ ಮೇಲೆ ವಿಜಯದಶಮಿಯವರೆಗೆ ಅವನ್ನು ಮುಟ್ಟುವ ಹಾಗಿಲ್ಲ. ನಮ್ಮಪ್ಪನ ಕಾಲದಿಂದ ನಡೆದು ಬಂದದ್ದು.

ನಾನು ಚಿಂತೆ ಮಾಡಲಿಲ್ಲ. ಗುರುತಿಗೆ ನನ್ನದೇ ಒಂದು ಪದ್ಧತಿಯಿತ್ತು. ನನ್ನ ಎಲೆಡಿಕೆ ಡಬ್ಬಿ ಯಾವಾಗಲೂ ಸ್ಪ್ಯಾನರುಗಳ ಪಕ್ಕದಲ್ಲೇ ಇರುತ್ತಿತ್ತು. ಬೆರಳ ತುದಿಯಲ್ಲಿ ಸುಣ್ಣ ತೆಗೆದು ಒಂದು ಬೊಟ್ಟು ಇಟ್ಟರೆ ಗುರುತಾಯಿತು. ಹದಿನೆಂಟು ವರ್ಷ ಸುಣ್ಣ ನನಗೆ ಮೋಸ ಮಾಡಿರಲಿಲ್ಲ. ಅಂದೂ ಆ ಹಲ್ಲಿಗೆ ಒಂದು ಬೊಟ್ಟು ಇಟ್ಟೆ, ಉಳಿದ ಸುಣ್ಣವನ್ನು ಎಲೆಗೆ ಸವರಿ ಬಾಯಿಗೆ ಹಾಕಿಕೊಂಡೆ.

ಇಲ್ಲಿ ನನ್ನ ಹೆಂಡತಿಯ ವಿಷಯ ಹೇಳಬೇಕು. ಅವಳ ಹೆಸರು ಗುರುಶಾಂತಮ್ಮ, ಊರು ಅಜ್ಜಂಪುರ. ಬಟ್ಟೆ ಅಂಗಡಿಯವರ ಮಗಳು. ಮದುವೆಯಾದ ಹೊಸದರಲ್ಲಿ ಶೆಡ್ಡಿಗೆ ಬುತ್ತಿ ತರುತ್ತಿದ್ದಳು. ನಾನು ಕೈ ತೊಳೆಯುವಷ್ಟರಲ್ಲಿ ಸುಮ್ಮನೆ ನಿಲ್ಲುವುದೇಕೆ ಎಂದು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಿಟ್ಟಳು. ಮರುವರ್ಷ ವಾಲ್ವು ಉಜ್ಜಲು ಕಲಿತಳು. ಹನ್ನೆರಡು ವರ್ಷವಾಗುವ ಹೊತ್ತಿಗೆ ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟುಗಳ ಸದ್ದು ಕೇಳಿಯೇ ಯಾವುದು ಸಡಿಲ ಎನ್ನುವಷ್ಟಾಗಿದ್ದಳು. ಇದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ನಾನು ಯಾರಿಗೂ ಹೇಳಿರಲಿಲ್ಲ. ಹೊಗಳಿದರೆ ಕೆಲಸ ಕೆಡುತ್ತದೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಅವರು ನನ್ನನ್ನೂ ಹೊಗಳಿರಲಿಲ್ಲ.

ಅವಳ ಉಗುರು ಕಪ್ಪಾಗಿದ್ದವು. ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಬೆರಳ ಗೆರೆಗಳಲ್ಲಿ ಆಯಿಲ್ ಉಳಿದುಬಿಟ್ಟಿತ್ತು. ತವರಿಗೆ ಹೋದಾಗ, ಮದುವೆ ಮನೆಗಳಲ್ಲಿ, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರುತ್ತಿದ್ದಳು. ಇದನ್ನು ನಾನು ನೋಡಿದ್ದೆ. ನೋಡಿ ಸುಮ್ಮನಿದ್ದೆ.

ಆಯುಧಪೂಜೆಯ ದಿನ ಬೆಳಿಗ್ಗೆ ನಾನು ಬೂದುಗುಂಬಳ, ಸೇವಂತಿಗೆ ಹೂವು ತರಲು ಬೀರೂರಿನ ಸಂತೆಗೆ ಹೋದೆ. ಬರುವುದರೊಳಗೆ ಅವಳು ಶೆಡ್ಡನ್ನು ಗುಡಿಸಿ, ಸಾರಿಸಿ, ರಂಗೋಲಿ ಹಾಕಿದ್ದಳು. ಬಿಚ್ಚಿಟ್ಟಿದ್ದ ಇಂಜಿನ್ನಿನ ಭಾಗಗಳನ್ನೂ ಬಿಟ್ಟಿರಲಿಲ್ಲ. ಪಿಸ್ಟನ್ನು, ಪುಷ್ ರಾಡು, ರಾಕರ್, ಹಲ್ಲಿನ ಚಕ್ರ, ಎಲ್ಲವೂ ಹುಣಸೆಹಣ್ಣು ಹಚ್ಚಿಸಿಕೊಂಡು ಫಳಫಳ ಹೊಳೆಯುತ್ತ, ಮೈತುಂಬ ವಿಭೂತಿ ಧರಿಸಿ, ಸಾಲಾಗಿ ಕೂತಿದ್ದವು. ಜಯದೇವಪ್ಪನವರೂ ತಮ್ಮ ಗಾಡಿಯ ಪೂಜೆಗೆಂದು ಬಂದಿದ್ದರು. ಅಡ್ಡಬಿದ್ದು ಎದ್ದು, “ನಮ್ಮನೇಲಿ ಮನುಷ್ಯರೂ ಇಷ್ಟು ಮಡೀಲಿ ಇರಲ್ಲ ಕಣಪ್ಪ” ಎಂದರು.

ಹಲ್ಲಿನ ಚಕ್ರಕ್ಕೆ ಒಂದು ಅರಿಶಿನದ ದಾರವನ್ನೂ ಕಟ್ಟಿದ್ದಳು.

ಮರುದಿನ ವಿಜಯದಶಮಿ. ಬೆಳಿಗ್ಗೆ ಒಂದು ತೆಂಗಿನಕಾಯಿ ಒಡೆದು ಆಯುಧ ಎತ್ತಿದೆ. ಮೊದಲು ಚಕ್ರ ತೆಗೆದುಕೊಂಡು ದಾರದ ಗಂಟು ಬಿಚ್ಚಿದೆ. ಪೂಜೆಯ ದಾರ ಕಾಲಿಗೆ ಸಿಗಬಾರದು. ಎಲ್ಲಿಡುವುದೆಂದು ನೋಡಿ, ಗಾಡಿಯ ಒಳಗಿನ ಕನ್ನಡಿಗೆ ಕಟ್ಟಿದೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ರೀ, ಆ ಚಕ್ರದ ದಾರ,” ಎಂದಳು.

“ಬಿಚ್ಚಿದೀನಿ. ಹುಷಾರಾಗೇ ಕಟ್ಟಿದೀನಿ, ಎಲ್ಲೂ ಬಿಸಾಕಿಲ್ಲ,” ಎಂದೆ.

“ಹಂಗಾದ್ರೆ ಸರಿ ಬಿಡಿ,” ಎಂದು ಮನೆಗೆ ಹೋದಳು.

ಬಟ್ಟೆ ತೆಗೆದುಕೊಂಡು ಚಕ್ರವನ್ನು ಒರೆಸಿದೆ. ವಿಭೂತಿ ಎಲ್ಲ ಹೋಯಿತು. ಒಂದು ಹಲ್ಲಿನ ಮೇಲೆ ಮಾತ್ರ ಬಿಳಿಯ ಬೊಟ್ಟು ಗಟ್ಟಿಯಾಗಿ ಕೂತಿತ್ತು. ವಿಭೂತಿ ಒರೆಸಿದರೆ ಹೋಗುತ್ತದೆ, ಸುಣ್ಣ ಹೋಗುವುದಿಲ್ಲ. ಆದ್ದರಿಂದ ಅದು ಸುಣ್ಣ. ಇಷ್ಟು ತರ್ಕ ಮಾಡಿ ಆ ಹಲ್ಲನ್ನೇ ಗುರುತಿಗೆ ನಿಲ್ಲಿಸಿ ಚೈನು ಹಾಕಿದೆ. ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದೆ, ಎಲ್ಲೂ ತಗುಲಲಿಲ್ಲ. ಮುಂದಿನ ಕವರ್ ಮುಚ್ಚಿದೆ, ಪುಲ್ಲಿ ಹಾಕಿದೆ, ರೇಡಿಯೇಟರ್ ಕೂರಿಸಿದೆ. ಮೂರನೆಯ ದಿನ ಸ್ಟಾರ್ಟ್ ಮಾಡಿದೆ.

ಸ್ಟಾರ್ಟ್ ಆಯಿತು. ಬಿಳಿಯ ಹೊಗೆ ಎಷ್ಟು ಬಂತೆಂದರೆ ಪಕ್ಕದ ಹೋಟೆಲಿನವರು ನೀರಿನ ಕೊಡ ಹಿಡಿದುಕೊಂಡು ಬಂದರು.

ಪಂಪಿನ ಬೋಲ್ಟುಗಳನ್ನು ಸಡಿಲಿಸಿ ಒಂದು ಕೂದಲೆಳೆ ಮುಂದಕ್ಕೆ ತಿರುಗಿಸಿದೆ. ಇಂಜಿನ್ ಕಟಕಟ ಹಲ್ಲು ಕಡಿಯಿತು. ಹಿಂದಕ್ಕೆ ತಿರುಗಿಸಿದೆ. ಮತ್ತೆ ಹೊಗೆ. ಟ್ಯಾಪೆಟ್ಟುಗಳನ್ನು ಮೂರು ಸಲ ಹೊಂದಿಸಿದೆ. ಪೈಪುಗಳಲ್ಲಿ ಗಾಳಿ ಸಿಕ್ಕಿರಬಹುದೆಂದು ಎಲ್ಲವನ್ನೂ ಸಡಿಲಿಸಿ ಗಾಳಿ ತೆಗೆದೆ. ಪ್ರತಿಸಲ ಬೀರೂರಿನ ಕಡೆಗೆ ಓಡಿಸಿಕೊಂಡು ಹೋದೆ. ಸಮತಟ್ಟಿನಲ್ಲಿ ಹೋಗುತ್ತಿತ್ತು. ಏರು ಬಂದರೆ ಮೂರನೇ ಗೇರು, ಎರಡನೇ ಗೇರು, ಆಮೇಲೆ ಮೊದಲನೆಯದು. ಒಮ್ಮೆ ತೆಂಗಿನಕಾಯಿ ತುಂಬಿದ ಎತ್ತಿನ ಗಾಡಿ ನಮ್ಮನ್ನು ಹಿಂದೆ ಹಾಕಿತು. ಗಾಡಿಯವನು ತಿರುಗಿ ನೋಡಲೂ ಇಲ್ಲ. ಕನ್ನಡಿಗೆ ಕಟ್ಟಿದ್ದ ಅರಿಶಿನದ ದಾರ ನನ್ನ ಮೂಗಿನ ಮುಂದೆ ಆಡುತ್ತಿತ್ತು.

ಜಯದೇವಪ್ಪನವರು ದಿನಾ ಸಿಂಗಟಗೆರೆಯಿಂದ ಬಸ್ಸಿನಲ್ಲಿ ಬಂದು ಶೆಡ್ಡಿನ ಬೆಂಚಿನ ಮೇಲೆ ಕೂರುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಬೈಯಬಹುದಿತ್ತು. ಸಂಜೆ ಎದ್ದು, “ನಿಧಾನಕ್ಕೆ ಆಗ್ಲಿ ಬಿಡಪ್ಪ, ಬಸ್ಸಲ್ಲಿ ಕಿಟಕಿ ಸೀಟು ಸಿಕ್ತದೆ,” ಎಂದು ಹೋಗುತ್ತಿದ್ದರು. ಆ ಮಾತು ನನ್ನ ಪಿತ್ತವನ್ನು ಕೆರಳಿಸುತ್ತಿತ್ತು.

ಹೊಗೆ ಶುರುವಾದ ಆರನೆಯ ದಿನ ನಾಜಲ್ಲುಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ತರೀಕೆರೆಗೆ ಹೋದೆ. ಡೀಸೆಲ್ಲನ್ನು ತುಂತುರಾಗಿ ಚಿಮ್ಮುವ ಮೂತಿಗಳು ಅವು. ಅಲ್ಲಿ ಚಿಕ್ಕಬೀರಪ್ಪ ಎಂಬವನು ಟ್ರ್ಯಾಕ್ಟರುಗಳ ನಾಜಲ್ ಪರೀಕ್ಷೆ ಮಾಡುತ್ತಿದ್ದ. ನನಗಿಂತ ಹತ್ತು ವರ್ಷ ಚಿಕ್ಕವನು. ನಾಲ್ಕನ್ನೂ ಒಂದೊಂದಾಗಿ ತನ್ನ ಕೈಪಂಪಿಗೆ ಹಾಕಿ ಒತ್ತಿದ. ಮಂಜಿನಂತೆ ಚಿಮ್ಮಿದವು.

“ನಾಜಲ್ ಬಂಗಾರದಂಗವೆ ಕಣಣ್ಣ,” ಎಂದ. ನಾಜಲ್ಲುಗಳನ್ನು ಬಟ್ಟೆಯಲ್ಲಿ ಒರೆಸುತ್ತ, “ಚೈನು ಒಂದು ಹಲ್ಲು ಹೆಚ್ಚುಕಮ್ಮಿ ಆಗಿದ್ರೂ ಹಿಂಗೇ ಆಯ್ತದೆ. ನೋಡಿದ್ಯಾ?” ಎಂದ.

“ಲೇ, ನೀನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗ ನಾನು ಚೈನು ಹಾಕ್ತಿದ್ದೆ,” ಎಂದೆ.

“ಅದ್ಸರಿ. ನೋಡಿದ್ಯಾ?” ಎಂದ.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೂ ಕಿಟಕಿ ಸೀಟು ಸಿಕ್ಕಿತು. ಚಿಕ್ಕಬೀರಪ್ಪನ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ನನ್ನ ಲೆಕ್ಕ ತಪ್ಪಲು ಸಾಧ್ಯವಿಲ್ಲ. ಬೊಟ್ಟು ತಾನಾಗಿ ನಡೆದು ಪಕ್ಕದ ಹಲ್ಲಿಗೆ ಹೋಗಲೂ ಸಾಧ್ಯವಿಲ್ಲ. ಕಡೂರು ಬರುವ ಹೊತ್ತಿಗೆ ಹುಣಸೆಹಣ್ಣು ನೆನಪಾಯಿತು. ಹುಳಿ ತಾಗಿದರೆ ಸುಣ್ಣ ನಿಲ್ಲುವುದಿಲ್ಲ.

ಶೆಡ್ಡಿನಲ್ಲಿ ಜಯದೇವಪ್ಪನವರು ಬೆಂಚಿನ ಮೇಲಿದ್ದರು. ಗುರುಶಾಂತಮ್ಮ ಅವರಿಗೆ ಮಜ್ಜಿಗೆ ತಂದುಕೊಟ್ಟು ನಿಂತಿದ್ದಳು.

“ಪೂಜೆ ದಿನ ಚಕ್ರದ ಮೇಲೆ ನಾನಿಟ್ಟಿದ್ದ ಸುಣ್ಣ ಒರೆಸಿದ್ಯಾ?” ಎಂದು ಕೇಳಿದೆ.

“ಹೂಂ, ಒರೆಸಿದೆ. ಎಂಜಲು ಕೈಲಿ ಇಟ್ಟ ಸುಣ್ಣ, ಪೂಜೆಗೆ ಹೆಂಗಿಡೋದು? ಆದ್ರೆ...” ಎಂದಳು.

ಆ ‘ಆದ್ರೆ’ಯನ್ನು ನಾನು ಕೇಳಲಿಲ್ಲ. ಆರು ದಿನದ ಹೊಗೆ, ಎತ್ತಿನ ಗಾಡಿ, ಚಿಕ್ಕಬೀರಪ್ಪ, ಎಲ್ಲವೂ ಒಟ್ಟಿಗೆ ಬಾಯಿಗೆ ಬಂತು. ಯಾರು ಮುಟ್ಟು ಅಂದಿದ್ದು ಎಂದೆ. ಇದು ಅಡಿಗೆಮನೆ ಅಂದುಕೊಂಡೆಯಾ ಎಂದೆ. ಅವಳು ಮತ್ತೆ “ಒಂದ್ನಿಮಿಷ ಕೇಳ್ರಿ” ಎಂದಳು. ಆಗ ನಾನು ಹೇಳಬಾರದ ಮಾತು ಹೇಳಿದೆ.

“ನಿನ್ನ ಕೈ ಬಿದ್ದಮೇಲೆ ಯಾವುದು ನೆಟ್ಟಗಿದ್ದೀತು? ಮುಟ್ಟಿದ್ದೆಲ್ಲಾ ಹಾಳು.”

ಜಯದೇವಪ್ಪನವರು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು. ಗುರುಶಾಂತಮ್ಮ ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಅವನ್ನು ಸೆರಗಿನೊಳಗೆ ಇಟ್ಟುಕೊಂಡಳು. ನಮ್ಮ ಶೆಡ್ಡಿನಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಮರುದಿನ ಬೆಳಗಿನ ರೈಲಿಗೆ ಅಜ್ಜಂಪುರಕ್ಕೆ ಹೋದಳು. ಅವ್ವನಿಗೆ ಮಂಡಿನೋವು ಎಂದಳು. ಅವಳ ಅವ್ವನಿಗೆ ಮಂಡಿನೋವು ಬಂದು ಏಳು ವರ್ಷವಾಗಿತ್ತು. ಬೀರುವಿನ ಬೀಗದ ಕೈಯನ್ನು ಮೊಳೆಗೆ ತಗುಲಿಹಾಕಿ, ಮೂರು ದಿನಕ್ಕಾಗುವಷ್ಟು ರೊಟ್ಟಿ ತಟ್ಟಿಟ್ಟು ಹೋಗಿದ್ದಳು. ರೊಟ್ಟಿ ಮುಗಿದರೂ ಬರಲಿಲ್ಲ.

ನಾನು ಕೆಲಸ ಮಾಡಿದೆ. ರೇಡಿಯೇಟರ್ ತೆಗೆದೆ, ಪುಲ್ಲಿ ಎಳೆದೆ, ಕವರ್ ಬಿಚ್ಚಿದೆ. ಮೊದಲಿನ ಹಾಗೆಯೇ ಎರಡು ದಿನ ಅಳೆಯುವ ಕೆಲಸ, ಆದರೆ ಈ ಸಲ ನಾಲ್ಕು ದಿನ ಹಿಡಿಯಿತು. ಸಂದು ಅಳೆಯುವ ಫೀಲರ್ ಪಟ್ಟಿ ಎಲ್ಲಿದೆಯೋ ಗೊತ್ತಿಲ್ಲ. ಪುಲ್ಲರ್ ಎಲ್ಲಿದೆಯೋ ಗೊತ್ತಿಲ್ಲ. ಹನ್ನೆರಡು ವರ್ಷದಿಂದ ನಾನು ಕೈ ಚಾಚಿದರೆ ಸಾಮಾನು ಕೈಗೆ ಬರುತ್ತಿತ್ತು. ಸಾಮಾನು ತಾನಾಗಿ ಬರುತ್ತದೆ ಎಂದು ನಾನು ತಿಳಿದಿದ್ದೆ ಎಂದು ಕಾಣುತ್ತದೆ. ಹೋಟೆಲಿನ ಇಡ್ಲಿ ತಿಂದು ಹೊಟ್ಟೆ ಕೆಟ್ಟಿತು. ಮಧ್ಯಾಹ್ನದ ಹೊತ್ತು ಬಾಗಿಲ ಕಡೆ ನೋಡುವುದು ಅಭ್ಯಾಸವಾಯಿತು. ಅವಳಿಲ್ಲದೆ ನನಗೆ ಆಗುವುದಿಲ್ಲ ಎಂದು ಆ ನಾಲ್ಕು ದಿನದಲ್ಲಿ ನನಗೆ ಚೆನ್ನಾಗಿ ಗೊತ್ತಾಯಿತು. ಆದರೂ ತಪ್ಪು ಅವಳದೇ ಎಂದುಕೊಂಡಿದ್ದೆ. ಎರಡೂ ಒಟ್ಟಿಗೆ ಇರಬಹುದು.

ಹಲ್ಲು ಒಂದೇ ಒಂದು ಆಚೆ ಇತ್ತು. ಸರಿಯಾದದ್ದನ್ನು ನಿಲ್ಲಿಸಿ, ಈ ಸಲ ಪಂಚ್ ಇಟ್ಟು ಹೊಡೆದೆ. ಎಲ್ಲವನ್ನೂ ಮತ್ತೆ ಮುಚ್ಚಿ, ಪಂಪು ಹೊಂದಿಸಿ, ಟ್ಯಾಪೆಟ್ ನೋಡಿ ಸ್ಟಾರ್ಟ್ ಮಾಡುವ ಹೊತ್ತಿಗೆ ಅವಳು ಹೋಗಿ ಎಂಟು ದಿನವಾಗಿತ್ತು. ಇಂಜಿನ್ ಅರ್ಧ ಸುತ್ತಿಗೆ ಹತ್ತಿಕೊಂಡಿತು. ಹೊಗೆಯಿಲ್ಲ. ಹೋಟೆಲಿನವರು ಏನಾಯಿತೆಂದು ನೋಡಲು ಬಂದರು.

“ಆಯ್ತಲ್ಲ. ಇನ್ನು ಹೋಗಿ ಕರ್ಕೊಂಡ್ಬಾ,” ಎಂದರು ಜಯದೇವಪ್ಪನವರು.

“ಯಾರನ್ನ?” ಎಂದೆ.

“ನನ್ನ ಹೆಂಡ್ತಿ ಮನೇಲೇ ಅವ್ಳೆ,” ಎಂದರು.

ಗಾಡಿಗೆ ಹೇಗೂ ದೂರದ ಟೆಸ್ಟು ಬೇಕು, ಅಜ್ಜಂಪುರದ ರಸ್ತೆಯಲ್ಲಿ ಏರುಗಳು ಚೆನ್ನಾಗಿವೆ ಎಂದೆ. ಅವರು ಸಾವಧಾನವಾಗಿ ಕೇಳಿಕೊಂಡರು. ಮರುದಿನ ಬೆಳಿಗ್ಗೆ ಬಿಳಿಯ ಪಂಚೆ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಟೆಸ್ಟಿಗೆ ಹೊರಟೆ. ಜಯದೇವಪ್ಪನವರು ಹಿಂದಿನ ಸೀಟಿನಲ್ಲಿ ಕೂತರು. ಏರುಗಳನ್ನೆಲ್ಲ ಗಾಡಿ ಟಾಪ್ ಗೇರಿನಲ್ಲೇ ಹತ್ತಿತು. ದಾರ ಕನ್ನಡಿಯಿಂದ ತೂಗಾಡುತ್ತಿತ್ತು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ದೊಡ್ಡ ಮನಸ್ಸಿನ ಮಾತು, ನನಗೇ ಮೆಚ್ಚುಗೆಯಾಗಿತ್ತು.

ಅತ್ತೆ ಕಾಶಮ್ಮ ಜಗಲಿಯಲ್ಲಿ ಕೂತಿದ್ದರು. “ಬನ್ನಿ ಅಳಿಯಂದ್ರೆ. ಕೂತ್ಕಳಿ,” ಎಂದರು. ನೀರು ಕೊಟ್ಟರು. ಬೆಲ್ಲ ಕೊಡಲಿಲ್ಲ. ನಮ್ಮ ಕಡೆ ಅಳಿಯನಿಗೆ ಬರೀ ನೀರು ಕೊಟ್ಟರೆ ಅದಕ್ಕೆ ಬೇರೆ ವಿವರಣೆ ಬೇಕಿಲ್ಲ.

“ಮಂಡಿನೋವು ಹೆಂಗೈತೆ ಅತ್ತೆ?” ಎಂದೆ.

“ಏಳು ವರ್ಷದಿಂದ ಐತೆ. ನಿಮಗೀಗ ಜ್ಞಾಪಕ ಬಂತಲ್ಲ,” ಎಂದರು.

ಗುರುಶಾಂತಮ್ಮ ನಡುಬಾಗಿಲಿಗೆ ಬಂದು ನಿಂತಳು. ಕೈ ಸೆರಗಿನೊಳಗಿತ್ತು. ಸ್ವಲ್ಪ ಸೊರಗಿದ್ದಳು. ಅವಳನ್ನು ನೋಡಿದ ಕೂಡಲೇ ಎದ್ದು ನಿಲ್ಲಬೇಕೆನ್ನಿಸಿತು. ನಿಲ್ಲಲಿಲ್ಲ. ಜೋಡಿಸಿಕೊಂಡು ಬಂದ ಮಾತನ್ನು ಹೇಳಿದೆ.

“ಆಗಿದ್ದಾಯ್ತು. ಗಾಡಿ ಸರಿಹೋಯ್ತು. ಸುಣ್ಣ ಒರೆಸಿದ್ದನ್ನ ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ. ನಡಿ ಹೋಗಾನ.”

“ನೀವು ಮನಸ್ಸಲ್ಲಿ ಇಟ್ಕೊಳ್ಳೋಕೆ ಏನಿದೆ? ಸುಣ್ಣ ಒರೆಸೋಕೆ ಮುಂಚೆ ಆ ಹಲ್ಲಿಗೆ ದಾರ ಕಟ್ಟಿದ್ದೆನಲ್ಲ,” ಎಂದಳು.

“ಯಾವ ದಾರ?”

“ಅರಿಶಿನದ ದಾರ. ಸುಣ್ಣ ಇದ್ದ ಹಲ್ಲಿಗೇ ಗಂಟು ಹಾಕಿದ್ದೆ. ಎರಡು ದಿನ ಕಣ್ಣು ಕಿರಿದು ಮಾಡಿ ಅಳೆದಿದ್ರಿ, ಗುರುತು ಹೋಗಬಾರದು ಅಂತ. ಅವತ್ತು ಬೆಳಿಗ್ಗೆ ಹೇಳೋಕೆ ಬಂದೆ. ಬಿಚ್ಚಿದೀನಿ, ಹುಷಾರಾಗೇ ಕಟ್ಟಿದೀನಿ ಅಂದ್ರಿ. ಗುರುತು ಸಿಕ್ತು ಅಂದ್ಕೊಂಡೆ.”

“ಪೂಜೆಗೆ ಕಟ್ಟಿದ್ದು ಅಂದ್ಕೊಂಡೆ,” ಎಂದೆ.

“ಬೇರೆ ಯಾವ ಸಾಮಾನಿಗಾದ್ರೂ ದಾರ ಇತ್ತಾ? ನೆನಪು ಮಾಡ್ಕಳಿ. ಸುತ್ತಿಗೆಗೆ ಇತ್ತಾ, ಪಿಸ್ಟನ್ನಿಗೆ ಇತ್ತಾ? ಯಾವತ್ತಾದ್ರೂ ನಾನು ಸಾಮಾನಿಗೆ ದಾರ ಕಟ್ಟಿದೀನಾ?”

ಇರಲಿಲ್ಲ. ಹನ್ನೆರಡು ಆಯುಧಪೂಜೆಗಳಲ್ಲಿ ಒಮ್ಮೆಯೂ ಇರಲಿಲ್ಲ. ನಾನು ಬೀದಿಯ ಕಡೆ ತಿರುಗಿದೆ. ಗಾಡಿಯ ಗಾಜಿನೊಳಗೆ, ಕನ್ನಡಿಗೆ ಕಟ್ಟಿಕೊಂಡು, ಅದು ನೇತಾಡುತ್ತಿತ್ತು. ಬೀರೂರಿನ ರಸ್ತೆಯಲ್ಲಿ ಎಷ್ಟು ಸಲ ಅದು ನನ್ನ ಮುಖದ ಮುಂದೆ ಆಡಿತ್ತೋ ನಾನು ಎಣಿಸಿಲ್ಲ. ಎತ್ತಿನ ಗಾಡಿ ಹಿಂದೆ ಹಾಕಿದಾಗಲೂ ಇತ್ತು. ಒದ್ದೆಯಲ್ಲಿ ಮೆತ್ತಿ ಒಣಗಿ ಗಟ್ಟಿಯಾದ ವಿಭೂತಿಯ ಒಂದು ಚೂರನ್ನು ಸುಣ್ಣವೆಂದು ನಂಬಿ, ಅವಳು ಕಟ್ಟಿದ್ದ ಗುರುತನ್ನು ನನ್ನ ಕೈಯಾರೆ ಬಿಚ್ಚಿ, ಕಣ್ಣೆದುರಿಗೇ ನೇತುಹಾಕಿಕೊಂಡು, ಅವಳ ಕೈ ಹಾಳು ಎಂದಿದ್ದೆ. ನಾಚಿಕೆಯಾಯಿತು ಎಂದು ಹೇಳಿದರೆ ಕಡಿಮೆಯಾಗುತ್ತದೆ.

“ತಪ್ಪು ನಂದು,” ಎಂದೆ. ಈ ಎರಡು ಪದಗಳನ್ನು ನಾನು ಅದುವರೆಗೆ ಒಟ್ಟಿಗೆ ಆಡಿರಲಿಲ್ಲ. ಎದ್ದು ನಿಂತೆ.

“ಅವತ್ತು ಜಯದೇವಪ್ಪನೋರ ಮುಂದೆ ಒಂದು ಮಾತಂದ್ರಿ,” ಎಂದಳು ಅವಳು.

ಜಯದೇವಪ್ಪನವರು ಗಾಡಿಯ ಹಿಂದಿನ ಸೀಟಿನಲ್ಲೇ ಇದ್ದರು. ಇಳಿದು ಬನ್ನಿ ಎಂದು ಕರೆದೆ. “ನಾನಿಲ್ಲೇ ಚೆನ್ನಾಗಿದೀನಿ,” ಎಂದರು. ಬರಲೇಬೇಕು ಎಂದೆ. ಬಂದು ಜಗಲಿಯ ಮೆಟ್ಟಿಲ ಬಳಿ, ಸಾಕ್ಷಿ ಹೇಳಲು ಬಂದವರ ಹಾಗೆ ಕೈಕಟ್ಟಿ ನಿಂತರು.

“ಇವಳ ಕೈ ಬಿದ್ದಿದ್ದೆಲ್ಲಾ ಹಾಳು ಅಂದಿದ್ದೆ,” ಎಂದು ಅವರಿಗೆ ಹೇಳಿದೆ. “ಅದು ಸುಳ್ಳು. ನಿಮ್ಮ ಗಾಡಿ ಹಾಳು ಮಾಡಿದ್ದು ನನ್ನ ಕೈ. ಇವಳು ಸರಿಯಾಗಿ ಗುರುತು ಮಾಡಿದ್ಲು, ನನಗೆ ನೋಡೋಕೆ ಬರಲಿಲ್ಲ. ನನ್ನ ಶೆಡ್ಡಲ್ಲಿ ವಾಲ್ವು ಉಜ್ಜೋದು ಇವಳೇ. ನಿಮ್ಮ ಗಾಡೀದೂ ಇವಳೇ ಉಜ್ಜಿದ್ದು. ಹನ್ನೆರಡು ವರ್ಷದಿಂದ ನಾನು ಯಾರ್ಗೂ ಹೇಳಿಲ್ಲ.”

“ನನಗೆ ಗೊತ್ತಿತ್ತು ಕಣಪ್ಪ. ದಿನಾ ಬೆಂಚಿನ ಮೇಲೆ ಕೂತಿರ್ತಿದ್ನಲ್ಲ,” ಎಂದರು ಜಯದೇವಪ್ಪನವರು.

ಅತ್ತೆ ಎದ್ದು ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು. ಮಂಡಿನೋವಿನವರು ಏಳಬೇಕಾದರೆ ಎಷ್ಟು ಕಷ್ಟ ಎಂದು ನೋಡಿದವರಿಗೆ ಗೊತ್ತು. ಆದರೆ ಗುರುಶಾಂತಮ್ಮ ಹೊಸಿಲು ದಾಟಲಿಲ್ಲ. ಬೀದಿಯ ಕಡೆ ಕಿವಿಕೊಟ್ಟು ನಿಂತಿದ್ದಳು. ಟೆಸ್ಟು ಮುಗಿಯಲಿಲ್ಲವೆಂದು ನಾನು ಗಾಡಿಯನ್ನು ಆರಿಸಿರಲಿಲ್ಲ, ಇಂಜಿನ್ ತನ್ನಷ್ಟಕ್ಕೆ ತಾನು ಓಡುತ್ತಿತ್ತು.

“ಮೂರನೇದು ಸಡಿಲ,” ಎಂದಳು.

ಟ್ಯಾಪೆಟ್ಟುಗಳನ್ನು ನಾನೇ ಹಿಂದಿನ ದಿನ ಹೊಂದಿಸಿದ್ದೆ. ಹತ್ತು ದಿನ ಹಿಂದಾಗಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿದೆ. ಹೋಗಿ ಇಂಜಿನ್ ಆರಿಸಿದೆ. ಬಾನೆಟ್ ಎತ್ತಿ, ಮೇಲಿನ ಕವರಿನ ಎರಡು ನಟ್ಟು ಬಿಚ್ಚಿ ತೆಗೆದೆ. ಇಂಜಿನ್ನನ್ನು ಕೈಯಲ್ಲಿ ತಿರುಗಿಸಿ ಮೂರನೆಯದರ ಸಂದಿಗೆ ಫೀಲರ್ ಪಟ್ಟಿ ಹಾಕಿದೆ. ಬಿಗಿಯಾಗಿ ಹಿಡಿಯಬೇಕಿದ್ದ ಪಟ್ಟಿ ಸಲೀಸಾಗಿ ಒಳಗೆ ಹೋಗಿ ಆಚೆ ಬಂತು.

“ಸಡಿಲ ಐತೆ,” ಎಂದೆ.

“ಬಿಗಿ ಮಾಡಿ ಮತ್ತೆ,” ಎಂದಳು ಬಾಗಿಲಿನಿಂದಲೇ.

ನಾನು ಮಾಡಲಿಲ್ಲ. ಸ್ಪ್ಯಾನರನ್ನೂ ಸ್ಕ್ರೂಡ್ರೈವರನ್ನೂ ತೆಗೆದುಕೊಂಡು ಹೋಗಿ ಜಗಲಿಯ ಕೆಳಗೆ ನಿಂತು ಅವಳ ಮುಂದೆ ಹಿಡಿದೆ. ಎದುರು ಮನೆಯವರು ಬಾಗಿಲಿಗೆ ಬಂದಿದ್ದರು. ಅವಳ ತವರಿನ ಬೀದಿ, ಬಟ್ಟೆ ಅಂಗಡಿಯವರ ಮಗಳೆಂದು ಅವಳನ್ನು ಕಂಡವರ ಬೀದಿ. ಅವಳು ಸ್ಪ್ಯಾನರನ್ನು ನೋಡಿದಳು, ಆ ಜನರನ್ನು ನೋಡಿದಳು, ನನ್ನನ್ನು ನೋಡಿದಳು. ತೆಗೆದುಕೊಳ್ಳುವುದಿಲ್ಲ ಎಂದುಕೊಂಡೆ. ತೆಗೆದುಕೊಳ್ಳದಿದ್ದರೆ ಅದು ನ್ಯಾಯವೇ ಎಂದೂ ಅನ್ನಿಸಿತು.

ಸೆರಗಿನಿಂದ ಕೈ ಹೊರಗೆ ತೆಗೆದಳು. ಒಂಬತ್ತು ದಿನ ಸೀಗೆಪುಡಿಯಲ್ಲಿ ತಿಕ್ಕಿದ್ದಿರಬೇಕು, ಬೆರಳುಗಳು ಸ್ವಲ್ಪ ಬೆಳ್ಳಗಾಗಿದ್ದವು, ಉಗುರಿನ ಬುಡ ಮಾತ್ರ ಕಪ್ಪಾಗಿಯೇ ಇತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೊಸಿಲು ದಾಟಿ, ಮೆಟ್ಟಿಲಿಳಿದು ಗಾಡಿಯ ಬಳಿಗೆ ಹೋದಳು. ಸ್ಪ್ಯಾನರಿನಿಂದ ನಟ್ಟು ಸಡಿಲಿಸಿ, ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಪಟ್ಟಿ ಎಳೆದು ನೋಡಿ, ನಟ್ಟು ಬಿಗಿದಳು. ಜಯದೇವಪ್ಪನವರು ನನ್ನ ಕಿವಿಯ ಹತ್ತಿರ ಬಂದು, ಆಯಿಲ್ ಎಷ್ಟು ತಿಂಗಳಿಗೆ ಬದಲಿಸಬೇಕು ಎಂದು ಕೇಳಿದರು.

ಕವರ್ ಮುಚ್ಚಿ ಅವಳೇ ಸ್ಟಾರ್ಟ್ ಮಾಡಿದಳು. ಆ ಸಣ್ಣ ಟಿಕ್ ಟಿಕ್ ಹೋಗಿತ್ತು. ಇಳಿಯುವ ಮೊದಲು ಕನ್ನಡಿಯ ದಾರ ಬಿಚ್ಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೈಯಲ್ಲಿ ಹೊಸ ಆಯಿಲ್ ಮೆತ್ತಿತ್ತು. ಒರೆಸಲು ಏನಾದರೂ ಸಿಗುತ್ತದೆಯೋ ಎಂದು ಸುತ್ತ ನೋಡಿದಳು. ನಾನು ನನ್ನ ಬಿಳಿಯ ಪಂಚೆಯ ತುದಿ ಎತ್ತಿ ಕೊಟ್ಟೆ.

“ಕಲೆ ಹೋಗಲ್ಲ,” ಎಂದಳು.

“ಗೊತ್ತು, ಒರೆಸ್ಕೊ,” ಎಂದೆ.

ಹತ್ತು ಬೆರಳನ್ನೂ ನಿಧಾನವಾಗಿ ಒರೆಸಿಕೊಂಡು, ಚೀಲ ತರಲು ಒಳಗೆ ಹೋದಳು.